ಒಂದು ಗೇಣು, ಒಂದು ಚೋಟು

ಮೂವತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತನಾದವನಿಗೆ ಊರಿನವರು ಕೊಡುವ ಕೆಲಸ ಎರಡೇ. ಮದುವೆಮನೆಯಲ್ಲಿ ಮುಯ್ಯಿ ಲೆಕ್ಕ ಬರೆಯುವುದು, ಇಲ್ಲವೇ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೆ ಖಜಾಂಚಿಯಾಗುವುದು. ಎರಡನ್ನೂ ಮಾಡಿ ಮುಗಿಸಿ, ಹೊನ್ನಾವರದ ಮನೆಯ ಜಗುಲಿಯಲ್ಲಿ ಕವಳ ಹಾಕುತ್ತ ಕೂತಿದ್ದಾಗ ಮೂರನೆಯ ಕೆಲಸ ಬಂತು. ಬಂದದ್ದು ಭಟ್ಕಳದಿಂದ, ಫೋನಿನಲ್ಲಿ.

"ಸರ್, ನಾನು. ನೀವು ಪ್ರತೀ ಪರೀಕ್ಷೆಯಲ್ಲೂ ಅಂಕ ಕತ್ತರಿಸ್ತಿದ್ರಲ್ಲ, ಅವನು."

ಅಷ್ಟು ಗುರುತು ಸಾಲಲಿಲ್ಲ. ನಾನು ಕತ್ತರಿಸಿದವರ ಪಟ್ಟಿ ದೊಡ್ಡದು. "ಉತ್ತರ ಸರಿ ಬರೀತಿದ್ದೆ, ಕ್ರಮ ಬರೀತಿರ್ಲಿಲ್ಲ" ಎಂದಮೇಲೆ ನೆನಪಾಯಿತು. ಕಡೆಯ ಬೆಂಚಿನ ಹುಡುಗ. ಐದು ಅಂಕದ ಲೆಕ್ಕಕ್ಕೆ ಒಂದೇ ಸಾಲಿನಲ್ಲಿ ಉತ್ತರ ಬರೆದಿಟ್ಟು ಕಿಟಕಿಯಾಚೆ ನೋಡುತ್ತಿದ್ದ. "ಇದು ಹೇಗೆ ಬಂತೋ?" ಎಂದರೆ "ಬಂತು ಸರ್" ಅನ್ನುತ್ತಿದ್ದ. ಐದಕ್ಕೆ ಒಂದು ಕೊಟ್ಟು ಕೂರಿಸುತ್ತಿದ್ದೆ. ಆ ಹುಡುಗ ದುಬೈಗೆ ಹೋಗಿ, ಬಟ್ಟೆ ವ್ಯಾಪಾರ ಮಾಡಿ, ಕ್ರಮ ಬರೆಯದೆಯೇ ಕೋಟಿಯ ಲೆಕ್ಕದ ಉತ್ತರಗಳನ್ನು ತಂದು ಈಗ ಊರಲ್ಲಿ ನೆಲೆಸಿದ್ದಾನೆ.

"ಕಾರು ತಗೊಳ್ಬೇಕು ಸರ್. ಎರಡು ಮನಸ್ಸಾಗಿದೆ. ಒಂದು ಓಡುವ ಕಾರು, ಒಂದು ಎತ್ತರದ ಗಾಡಿ. ನೀವು ಕ್ರಮಪ್ರಕಾರ ಹೋಲಿಸಿ ಹೇಳಿ."

ಇಂಥ ಕಾರುಗಳ ವಿಷಯದಲ್ಲಿ ನನ್ನ ಅರ್ಹತೆ ಏನು ಎಂದು ನೀವು ಕೇಳಬಹುದು. ನನ್ನ ಬಳಿ ಇರುವುದು ಆಲ್ಟೊ 800. ಆದರೆ ಅದನ್ನು ಕೊಳ್ಳುವ ಮೊದಲು ಎರಡು ವರ್ಷ ಹೋಲಿಸಿದವನು ನಾನು. ಹೋಲಿಸುತ್ತಿದ್ದಂತೆ ಬೆಲೆ ಮೂರು ಸಲ ಏರಿತು, ಹೋಲಿಕೆಗೆ ಇಟ್ಟುಕೊಂಡ ಒಂದು ಕಾರು ತಯಾರಾಗುವುದೇ ನಿಂತಿತು. ಹಾಗಾಗಿ ಅನುಭವಕ್ಕೆ ಕೊರತೆಯಿಲ್ಲ. ನೂರು ಪುಟದ ನೋಟುಪುಸ್ತಕ ತೆಗೆದು ನಡುವೆ ಗೆರೆ ಎಳೆಯುತ್ತಿದ್ದಾಗ ನಮ್ಮನೆಯವಳು ಬಾಗಿಲಲ್ಲಿ ನಿಂತು, "ಯನ್ನ ನೋಡಲೆ ಬಂದಾಗ್ಲೂ ಹಿಂಗೇ ಪಟ್ಟಿ ಮಾಡಿದ್ರ?" ಎಂದು ಕೇಳಿದಳು. ಮಾಡಿದ್ದೆ. ಹೇಳಲಿಲ್ಲ.

ಎಡಗಡೆ ಬಿಎಂಡಬ್ಲ್ಯು ಎಂ340ಐ, ಬಲಗಡೆ ವೋಲ್ವೋ ಎಕ್ಸ್‌ಸಿ90. ಮೊದಲನೆಯದು ಹೆಚ್ಚುಕಡಿಮೆ ಮುಕ್ಕಾಲು ಕೋಟಿ, ಎರಡನೆಯದು ಒಂದು ಕೋಟಿಯ ಆಸುಪಾಸು. ಎರಡೂ ಹೆಸರಿಗೆ ವಿಲಾಯತಿ. ಜೋಡಣೆ ಮಾತ್ರ ಒಂದರದು ಚೆನ್ನೈ ಹತ್ತಿರ, ಇನ್ನೊಂದರದು ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆ ಕಡೆ. ಹುಟ್ಟಿದ್ದು ನೆರೆಮನೆಯಲ್ಲಿ, ಬೆಲೆ ಕಡಲಾಚೆಯದು.

ನನಗೆ ಈ ಎರಡು ಜಾತಿಯ ವ್ಯತ್ಯಾಸ ತಿಳಿದದ್ದು ಯಕ್ಷಗಾನ ವೇಷದ ಭಾಷೆಯಲ್ಲಿ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟ ನೋಡುತ್ತ ನಿದ್ದೆಗೆಟ್ಟು ಬೆಳೆದವನು ನಾನು. ಓಡುವ ಕಾರೆಂದರೆ ಪುಂಡುವೇಷ. ಅಭಿಮನ್ಯು, ಬಭ್ರುವಾಹನ. ಮೈ ಹಗುರ, ರಂಗಕ್ಕೆ ಬಿದ್ದೊಡನೆ ಗಿರಕಿ. ಎಸ್‌ಯುವಿ ಎಂದರೆ ಬಣ್ಣದ ವೇಷ. ಪರದೆಯ ಹಿಂದಿನಿಂದಲೇ ಅಬ್ಬರಿಸಿ, ದೊಡ್ಡ ಕಿರೀಟ ಹೊತ್ತು, ರಂಗಸ್ಥಳವೇ ಸಾಲದೆಂಬಂತೆ ಬಂದು ನಿಲ್ಲುವುದು. ಈಚೆಗೆ ಬಣ್ಣದ ವೇಷಕ್ಕೇ ಪುಂಡುವೇಷದ ಕುಣಿತ ಕಲಿಸಿದ್ದಾರೆ. ಮರ್ಸಿಡಿಸ್‌ನವರ ಎಎಂಜಿ ಜಿಎಲ್‌ಸಿ 43 ಅಂಥದ್ದು, 421 ಅಶ್ವಶಕ್ತಿ. ಅದನ್ನೂ ಸೇರಿಸಿ ಎಂದ ಹುಡುಗ. ಪುಟದಲ್ಲಿ ಮೂರನೇ ಕಾಲಂಗೆ ಜಾಗವಿಲ್ಲ ಎಂದೆ.

ಮೊದಲ ಪ್ರಶ್ನೆ, ಶಕ್ತಿ. ಎಂ340ಐಯದು ಮೂರು ಲೀಟರಿನ, ಆರು ಸಿಲಿಂಡರಿನ ಎಂಜಿನ್, 374 ಅಶ್ವಶಕ್ತಿ. ಎಕ್ಸ್‌ಸಿ90 ಪೆಟ್ರೋಲಿನದು ಎರಡು ಲೀಟರ್, ಸುಮಾರು 250. ನನ್ನ ಆಲ್ಟೊದ್ದು 796 ಸಿಸಿ, 48. ಅಂದರೆ ಮೊದಲನೆಯದರಲ್ಲಿ ಸುಮಾರು ಎಂಟು ಆಲ್ಟೊ ಅಡಗಿವೆ, ಎರಡನೆಯದರಲ್ಲಿ ಐದು. ಎಡಗಡೆಗೆ ಪೂರ್ಣಾಂಕ.

ಎರಡನೆಯದು, ವೇಗ. ಎಂ340ಐ ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 4.4 ಸೆಕೆಂಡಿನಲ್ಲಿ ಹೋಗುತ್ತದೆ. ಇಂಥ ಅಂಕಿ ಕಂಡರೆ ಗಣಿತದವನ ಕೈ ಸುಮ್ಮನಿರುವುದಿಲ್ಲ. ನೂರು ಕಿಲೋಮೀಟರ್ ಎಂದರೆ ಸೆಕೆಂಡಿಗೆ 27.8 ಮೀಟರು. ಸರಾಸರಿ ಅದರ ಅರ್ಧ, ಗುಣಿಸು 4.4. ಬಂತು 61 ಮೀಟರು. ನಮ್ಮ ಓಣಿಯ ಉದ್ದ ನಲವತ್ತು ಮೀಟರು, ಅದರ ನಡುವೆ ಮಲಗುವ ನಾಯಿಯೊಂದಿದೆ. ಭಟ್ಕಳದಿಂದ ಕುಮಟೆಗೆ ಸುಮಾರು ಅರವತ್ತು ಕಿಲೋಮೀಟರ್. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರಕಾರ 2018ರಲ್ಲಿ ಕೊಟ್ಟ ಗರಿಷ್ಠ ಮಿತಿ ಗಂಟೆಗೆ ನೂರು. ನೂರು ಮುಟ್ಟಿದಮೇಲೆ ಎಲ್ಲರೂ ಒಂದೇ ಎಂದಾದರೆ ಮುಕ್ಕಾಲು ಕೋಟಿಗೆ ಸಿಗುವ ಉಳಿತಾಯ ಕೆಲವೇ ಸೆಕೆಂಡು. ಆ ಕೆಲವು ಸೆಕೆಂಡನ್ನು ಶಿರಾಲಿಯಲ್ಲಿ ರಸ್ತೆ ದಾಟುವ ಒಂದು ಎಮ್ಮೆ ಆರಾಮವಾಗಿ ತಿಂದುಹಾಕುತ್ತದೆ.

ಮೂರನೆಯದು, ತೆರಿಗೆ. ಇಪ್ಪತ್ತು ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ನೂರಕ್ಕೆ 18, ಅದರ ಮೇಲೆ ಸೆಸ್ ಬೇರೆ. ಎಪ್ಪತ್ತೈದು ಲಕ್ಷಕ್ಕೆ ಹದಿಮೂರೂವರೆ ಲಕ್ಷ, ಕೋಟಿಗೆ ಹದಿನೆಂಟು. ಹೊನ್ನಾವರದ ಕೆಎ-47 ನಂಬರು ಬರೆಸುವಷ್ಟರಲ್ಲಿ ಮೂರ್ನಾಲ್ಕು ಆಲ್ಟೊಗಳ ದುಡ್ಡು ಖಜಾನೆಗೆ ಹೋಗಿರುತ್ತದೆ. ಇದನ್ನು ಹುಡುಗನಿಗೆ ಗಂಭೀರವಾಗಿ ವಿವರಿಸಿದೆ. "ಶೇಕಡಾ ಲೆಕ್ಕ ನೀವೇ ಕಲಿಸಿದ್ದಲ್ವಾ ಸರ್" ಎಂದ.

ನಾಲ್ಕನೆಯದು, ನೆಲದಿಂದ ಎತ್ತರ. ಇಲ್ಲಿ ಮಿಲಿಮೀಟರುಗಳು ನನಗೇ ಕೈಕೊಟ್ಟವು. 238 ಎಂದರೆ ಎಷ್ಟು? ಕೈ ಚಾಚಿ ನೋಡಿದೆ. ಹೆಬ್ಬೆರಳಿನಿಂದ ಕಿರುಬೆರಳಿಗೆ ಒಂದು ಗೇಣು, ಅದಕ್ಕಿಂತ ಕೂದಲೆಳೆ ಹೆಚ್ಚು. ಎಕ್ಸ್‌ಸಿ90ಯ ಹೊಟ್ಟೆ ನೆಲಕ್ಕಿಂತ ಒಂದು ಗೇಣು ಮೇಲೆ. ತಗ್ಗಿನ ಸೆಡಾನಿನದು ಹೆಬ್ಬೆರಳಿನಿಂದ ತೋರುಬೆರಳಿಗೆ, ಒಂದು ಚೋಟು. ಕೂಡಲೇ ಎಲ್ಲ ಅರ್ಥವಾಯಿತು. ಲ್ಯಾಂಡ್ ರೋವರ್ ಡಿಫೆಂಡರ್ 900 ಮಿಲಿಮೀಟರ್ ನೀರಿನಲ್ಲಿ ಹಾಯಬಲ್ಲುದಂತೆ. ಅದು ಎರಡು ಮೊಳ. ಜುಲೈ ತಿಂಗಳಲ್ಲಿ ಭಟ್ಕಳದ ರಂಗಿನಕಟ್ಟೆಯಲ್ಲಿ ಹೆದ್ದಾರಿ ಹೊಳೆಯಾದಾಗ ನಿಂತು ನೋಡಿದವರಿಗೆ ಎರಡು ಮೊಳ ಎಂದರೆ ಸಾಕು, ಮಿಲಿಮೀಟರು ಬೇಡ. ಎಕ್ಸ್‌ಸಿ90ಯ ಅಗಲ ನಾಲ್ಕು ಮೊಳ ನಾಲ್ಕು ಬೆರಳು. ಹುಡುಗನ ಮನೆ ಇರುವುದು ಹಳೇ ಪೇಟೆಯ ಓಣಿಯಲ್ಲಿ. ಅಲ್ಲಿ ಎದುರುಬದುರು ಕಿಟಕಿಯವರು ಕೈ ಚಾಚಿ ಸಕ್ಕರೆ ಸಾಲ ಕೊಡಬಹುದು. ಬಲಗಡೆಗೆ ಅಂಕ ಕತ್ತರಿಸಿದೆ.

ಹೀಗೆ ಇಪ್ಪತ್ತೆರಡು ಪ್ರಶ್ನೆ ಮುಗಿದಾಗ ಎಡಗಡೆ 71, ಬಲಗಡೆ 71. ಎರಡು ಬಾರಿ ಮರುಮೌಲ್ಯಮಾಪನ ಮಾಡಿದರೂ ಅಷ್ಟೇ. ಇನ್ನು ಉಳಿದದ್ದು ಪ್ರಾಯೋಗಿಕ ಪರೀಕ್ಷೆ.

ಏಪ್ರಿಲ್ ತಿಂಗಳ ಒಂದು ಭಾನುವಾರ ಮಂಗಳೂರಿನಿಂದ ಎರಡೂ ಜಾತಿಯ ಒಂದೊಂದು ಗಾಡಿ ಬಂದವು. ಜತೆಗೆ ಟೈ ಕಟ್ಟಿದ ಇಬ್ಬರು ಹುಡುಗರು. ಶಂಸುದ್ದೀನ್ ಸರ್ಕಲ್ಲಿನಲ್ಲಿ ಎರಡನ್ನೂ ನಿಲ್ಲಿಸಿದ್ದೇ ತಡ ಹತ್ತು ಜನ ಸೇರಿದರು. ಭಟ್ಕಳದಲ್ಲಿ ಇಂಥ ಕಾರು ಕಂಡು ಯಾರೂ ಬಾಯಿ ಬಿಡುವುದಿಲ್ಲ. ಪ್ರತಿ ಮನೆಯ ಒಬ್ಬರಾದರೂ ಕೊಲ್ಲಿಯಲ್ಲಿ ಇದಕ್ಕಿಂತ ದೊಡ್ಡದನ್ನು ಕಂಡವರೇ. ಅವರ ಪ್ರಶ್ನೆ ಒಂದೇ: "ದುಬೈಯಲ್ಲಿ ಇದಕ್ಕೆ ಎಷ್ಟು?" ಅಲ್ಲಿಯ ಬೆಲೆ ಕೇಳಿ, ಇಲ್ಲಿಯ ಬೆಲೆ ಕೇಳಿ, ಸರಕಾರದ ಕಡೆಗೊಂದು ನಿಟ್ಟುಸಿರು ಬಿಟ್ಟು ಹೋದರು.

"ಸರ್, ಮೊದಲು ನೀವೇ ಓಡಿಸಿ" ಎಂದ ಹುಡುಗ. ಸೆಡಾನಿನಲ್ಲಿ ಕೂತೆ. ಕೂತೆ ಎನ್ನುವುದಕ್ಕಿಂತ ಇಳಿದೆ ಎನ್ನಬೇಕು. ಬಾವಿಕಟ್ಟೆಯಿಂದ ಒಳಗಿಳಿದ ಹಾಗೆ. ಹೊರಡುವಾಗ ಬಲಕ್ಕೆ ಬರುತ್ತೇನೆಂದು ತೋರಿಸಲು ಸ್ಟೀರಿಂಗಿನ ಬಲಬದಿಯ ಕಡ್ಡಿ ಒತ್ತಿದೆ. ಸುಡು ಬಿಸಿಲಿನಲ್ಲಿ ವೈಪರ್ ಎದ್ದು ಗರ್ರ್ ಎಂದು ಒಣ ಗಾಜನ್ನು ಉಜ್ಜಿತು. ನಮ್ಮ ಮಾರುತಿಗಳಲ್ಲಿ ಇಂಡಿಕೇಟರ್ ಬಲಗೈಗೆ, ಯುರೋಪಿನ ಕಾರುಗಳಲ್ಲಿ ಎಡಗೈಗೆ. ಇದು ನನ್ನ ಇಪ್ಪತ್ತೆರಡು ಪ್ರಶ್ನೆಗಳಲ್ಲಿ ಇರಲಿಲ್ಲ. ತಿಳಿದಮೇಲೂ ಕೈ ಕೇಳಬೇಕಲ್ಲ? ಮುರ್ಡೇಶ್ವರ ಕ್ರಾಸಿನಲ್ಲಿ ಒಮ್ಮೆ, ಮಂಕಿಯಲ್ಲಿ ಎರಡು ಸಲ ಮಳೆಗಾಲ ಬಂತು. ಹಿಂದಿನ ಬಸ್ಸಿನ ಡ್ರೈವರನಿಗೆ ನಾನು ಎತ್ತ ತಿರುಗುತ್ತೇನೆಂದು ತಿಳಿಯದಿದ್ದರೂ ನನ್ನ ಗಾಜು ಶುಚಿಯಾಗಿದೆಯೆಂದು ಖಾತ್ರಿಯಾಗಿರಬೇಕು.

ಮಂಕಿ ದಾಟಿದಮೇಲೆ ನೇರ ರಸ್ತೆ, ಮುಂದೆ ಯಾರೂ ಇಲ್ಲ. ಟೈ ಹುಡುಗ ಯಾವುದೋ ಗುಂಡಿ ಒತ್ತಿ, "ಈಗ ಕೊಡಿ ಸರ್" ಎಂದ. ಕೊಟ್ಟೆ. ಬಾಯಲ್ಲಿದ್ದ ಕವಳ ಕೇಳದೆ ಗಂಟಲಿಗಿಳಿಯಿತು. ಚಂಡೆ ಬಿದ್ದೊಡನೆ ಅಭಿಮನ್ಯು ರಂಗಕ್ಕೆ ಹಾರಿದ ಹಾಗೇ. ಆ ನಾಲ್ಕು ಸೆಕೆಂಡು ನಾನು ನಿವೃತ್ತ ಮಾಸ್ತರನಾಗಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಐದನೆಯ ಸೆಕೆಂಡಿಗೆ ಎದುರಿಗೆ ಮೀನಿನ ಲಾರಿ. ಹಿಂಬದಿಯಿಂದ ಮಂಜಿನ ನೀರು ಸುರಿಸುತ್ತ, ಮದುವೆ ದಿಬ್ಬಣದ ಗತಿಯಲ್ಲಿ ಸಾಗಿತ್ತು. ಶರಾವತಿ ಸೇತುವೆ ಮುಗಿಯುವ ತನಕ ಮುಂದೆ ಹೋಗಲು ದಾರಿಯಿಲ್ಲ. ಅತ್ತ ಮೂಡಲಿಗೆ ಕೊಂಕಣ ರೈಲ್ವೆಯ ಎರಡು ಕಿಲೋಮೀಟರ್ ಉದ್ದದ ಸೇತುವೆಯ ಮೇಲೆ ಗೂಡ್ಸ್ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿತು. ಇತ್ತ ನಮ್ಮ ನೂರಾರು ಕುದುರೆಗಳು ಬಂಗಡೆಯ ಹಿಂದೆ ತಲೆತಗ್ಗಿಸಿ ನಡೆದವು.

ಹೊನ್ನಾವರದಲ್ಲಿ ಚಹಾಕ್ಕೆ ನಮ್ಮ ಮನೆಗೆ ತಿರುಗಿದರೆ ಓಣಿಯ ಬಾಯಲ್ಲಿ ಹಂಪು. ಕಟ್ಟಿಸಿದ್ದು ನಾವೇ, ಚಂದಾ ಎತ್ತಿ, ಖಜಾಂಚಿ ನಾನೇ. ಸಿಮೆಂಟು ಉಳಿಯಿತೆಂದು ಒಂದು ಪದರ ಹೆಚ್ಚು ಹಾಕಿದ್ದೆವು. ಸೆಡಾನು ಅದರೆದುರು ನಿಂತು ಯೋಚಿಸಿತು. ನಾನು ಬಗ್ಗಿ ಕೈಯಿಂದ ಅಳೆದೆ. ಹಂಪು ಒಂದು ಚೋಟು, ಕಾರು ಒಂದು ಚೋಟು. ಸಮೀಕರಣ ಸರಿಯಾಗಿತ್ತು, ಉಳಿಕೆ ಸೊನ್ನೆ. ಎಲ್ಲರೂ ಇಳಿದು, ಕಾರನ್ನು ಓರೆ ಮಾಡಿ, ಗರ್ಭಿಣಿಯನ್ನು ದೋಣಿಯಿಂದ ಇಳಿಸುವಂತೆ ದಾಟಿಸಿದೆವು. ಎಸ್‌ಯುವಿ ಅದನ್ನು ಗಮನಿಸಲೇ ಇಲ್ಲ. ಬೇಲಿಯಾಚೆಯಿಂದ ನೋಡುತ್ತಿದ್ದ ಭಾವ ಸೆಡಾನಿನ ಮೈಲೇಜು ಕೇಳಿದ, ಎಸ್‌ಯುವಿಯ ಹಿಂಬಾಗಿಲು ತೆಗೆಸಿ "ಇದ್ರಲ್ಲಿ ಅಡಕೆ ಚೀಲ ಎಷ್ಟು ಹಿಡಿತು?" ಎಂದೂ ಕೇಳಿದ. ಟೈ ಹುಡುಗ ಲೀಟರಿನಲ್ಲಿ ಉತ್ತರ ಹೇಳಿದ. ಭಾವ ತೃಪ್ತನಾಗಲಿಲ್ಲ.

ಹೊಳೆಗದ್ದೆಯ ಟೋಲಿನಲ್ಲಿ ಮಾತ್ರ ನನಗೆ ಸಮಾಧಾನವಾಯಿತು. ಅಲ್ಲಿಯ ದರಪಟ್ಟಿಯಲ್ಲಿ ಕಾರು, ಜೀಪು, ವ್ಯಾನಿಗೆ ಒಂದೇ ಸಾಲು. ಕೋಟಿಯದಕ್ಕೂ ಅಷ್ಟೇ, ಆಲ್ಟೊಗೂ ಅಷ್ಟೇ.

ಕುಮಟೆಯಲ್ಲಿ ಹುಡುಗನ ವ್ಯಾಪಾರದ ಗೆಳೆಯರೊಬ್ಬರು ಕಾರಿಗೆ ಒಂದು ಸುತ್ತು ಬಂದು, "ಐದು ವರ್ಷ ಬಿಟ್ಟು ಮಾರಿದ್ರೆ ಎಷ್ಟು ಬರ್ತದೆ?" ಎಂದರು. ಕೊಳ್ಳುವ ಮೊದಲೇ ಮಾರುವ ಚಿಂತೆ. ನನಗೆ ಆಗ ಹೊಳೆಯಿತು. ಪುಸ್ತಕದಲ್ಲಿ ಕಾರನ್ನು ಕಾರಿನ ಜತೆ ಹೋಲಿಸುತ್ತಾರೆ, ರಸ್ತೆಯಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ಭಟ್ಕಳ ಅದನ್ನು ಬಿಟ್ಟುಬಂದ ದೇಶದ ಜತೆ ಹೋಲಿಸಿತು, ಹೊನ್ನಾವರ ಅಡಕೆ ಚೀಲದ ಜತೆ, ಕುಮಟೆ ನಾಳೆಯ ಜತೆ. ನಾನೊಬ್ಬನೇ ಎಂಎಂ, ಎನ್‌ಎಂ ಎಂದು ಬರೆದುಕೊಂಡು ತಿರುಗುತ್ತಿದ್ದೆ.

ಅಳ್ವೇಕೋಡಿಯ ಹೆದ್ದಾರಿ ಬದಿಯಲ್ಲಿ ಕುಮಟಾ ಸಿಹಿ ಈರುಳ್ಳಿಯ ಸುಗ್ಗಿ. ಜಡೆ ಹೆಣೆದ ಈರುಳ್ಳಿ ಗೊಂಚಲುಗಳು ಸಾಲಾಗಿ ತೂಗುತ್ತಿದ್ದವು. ಹುಡುಗ ನಾಲ್ಕು ಗೊಂಚಲು ಕೊಂಡ. ಸೆಡಾನಿನ ಡಿಕ್ಕಿಯಲ್ಲಿ ಜಡೆ ಮಡಚಬೇಕಾಯಿತು, ಈರುಳ್ಳಿ ಉದುರಿತು. ಎಸ್‌ಯುವಿಯಲ್ಲಿ ಮಲಗಿಸಿದರೆ ನೀಟಾಗಿ ಮಲಗಿದವು. ಹೊಸ ಚರ್ಮದ ಸೀಟಿನ ವಾಸನೆ ಹೊನ್ನಾವರ ಮುಟ್ಟುವಷ್ಟರಲ್ಲಿ ಸೋತಿತ್ತು. ಟೈ ಹುಡುಗ ಕಿಟಕಿ ಇಳಿಸಿ ಸುಮ್ಮನೆ ಕೂತ.

ಸಂಜೆ ಭಟ್ಕಳದಲ್ಲಿ ಹುಡುಗನ ತಾಯಿ ಬಾಗಿಲಿಗೆ ಬಂದರು. ಎಪ್ಪತ್ತೆಂಟು ವರ್ಷ, ಎರಡೂ ಮೊಣಕಾಲು ನೋವು. "ಬನ್ನಿ ಮಾಸ್ತರ್ರೆ" ಎಂದು ನನ್ನನ್ನು ಒಳಗೆ ಕರೆದು, ಹಲ್ವಾ ಕೊಟ್ಟು, ಆಮೇಲೆ ಕಾರು ನೋಡಲು ಇಳಿದರು. ಸೆಡಾನಿನೊಳಗೆ ಕೂತವರನ್ನು ಎಬ್ಬಿಸಲು ಮೂವರು ಬೇಕಾಯಿತು. "ಇದು ಕಬರಿಗೆ ಇಳಿದ ಹಾಗೆ ಆಯ್ತಲ್ಲ" ಎಂದು ಅವರೇ ನಕ್ಕರು. ಎಸ್‌ಯುವಿಯ ಹತ್ತಿರ ಹೋದಾಗ ಟೈ ಹುಡುಗ ಏನೋ ಒತ್ತಿದ. ಏರ್ ಸಸ್ಪೆನ್ಷನ್ನಿನ ಗಾಡಿ ಉಸ್ಸೆಂದು ಸ್ವಲ್ಪ ಕೆಳಗಿಳಿಯಿತು. ತಾಯಿ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. "ಅರೆ, ಇದು ಸಲಾಂ ಮಾಡ್ತದೆ!"

ಇಳಿದರೂ ಅವರ ಕಾಲಿಗೆ ಇನ್ನೂ ಸ್ವಲ್ಪ ಎತ್ತರವೇ. ಕೆಲಸದ ಹುಡುಗಿ ಅಡುಗೆಮನೆಗೆ ಓಡಿ ಮರದ ಮಣೆ ತಂದಿಟ್ಟಳು. ಮಣೆಯ ಮೇಲೆ ಒಂದು ಕಾಲು, ಗಾಡಿಯೊಳಗೆ ಒಂದು ಕಾಲು. ಕೂತರು.

"ಇದೇ ಸರ್" ಎಂದ ಹುಡುಗ.

ನಾನು ನೋಟುಪುಸ್ತಕ ತೆಗೆದೆ. "ತಡಿ, 71ಕ್ಕೆ 71 ಆಗಿದೆ. ಯಾವುದರಿಂದ ಯಾವುದನ್ನು ಕಳೆದೆ? ಹೇಗೆ ಬಂತು ಇದು?"

"ಬಂತು ಸರ್" ಎಂದ.

ಮಳೆಗಾಲಕ್ಕೆ ಮೊದಲೇ ಗಾಡಿ ಮನೆಗೆ ಬಂತಂತೆ. ಹಳೇ ಪೇಟೆಯ ಓಣಿಯಲ್ಲಿ ಕನ್ನಡಿ ಮಡಚಿಕೊಂಡು ಒಳಗೆ ಹೋಗುತ್ತದಂತೆ. ಅವನು ಕಳಿಸಿದ ಫೋಟೋದಲ್ಲಿ ಕೋಟಿಯ ಕಾರಿನ ಹಿಂಬದಿಯಲ್ಲಿ, ರಬ್ಬರಿನ ಚಾಪೆಯ ಮೇಲೆ, ಆ ಮಣೆ ಇತ್ತು. ನಾನು ನೋಟುಪುಸ್ತಕದಲ್ಲಿ ಇಪ್ಪತ್ಮೂರನೆಯ ಸಾಲು ಬರೆದು ಬಲಗಡೆ ಅಂಕ ಹಾಕಿದೆ: ಐದಕ್ಕೆ ಐದು. ಕ್ರಮ ಬರೆಯದಿದ್ದಕ್ಕೆ ಈ ಸಲ ಏನನ್ನೂ ಕತ್ತರಿಸಲಿಲ್ಲ.