ಮಂಡ್ಯ ಸೀಮೆಯ ಹಿಮಾಲಯಾರೋಹಣ ಮೀಮಾಂಸೆ

ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮಕಾರತ್ರಯದಲ್ಲಿ ಹುಟ್ಟಿ ಬೆಳೆದವರು ಗೈಡಿನ ಬೆನ್ನು ಹಿಡಿದು ಹಿಮಾಲಯ ಹತ್ತಿದರೆ ಏನೇನಾದೀತು ಎಂಬ ವಿಷಯದಲ್ಲಿ ನಮ್ಮ ವಿದ್ವತ್‌ ಪ್ರಪಂಚ ಅಕ್ಷಮ್ಯ ಮೌನ ವಹಿಸಿದೆ. ಆ ಕೊರತೆ ನೀಗಿಸುವುದೇ ಈ ಪ್ರಬಂಧದ ಉದ್ದೇಶ. ಯಾವ ವಿಶ್ವವಿದ್ಯಾಲಯವೂ ಇದಕ್ಕೆ ಬಿಡಿಗಾಸು ಕೊಟ್ಟಿಲ್ಲವಾದ್ದರಿಂದ ತೀರ್ಮಾನಗಳು ಪರಿಶುದ್ಧವಾಗಿವೆ.

ಮೊದಲು ಪೂರ್ವಪಕ್ಷ. ‘ಇಂಡಿಯಾ ಅಂದ್ರೆ ಮಂಡ್ಯ’ ಎಂಬುದು ನಮ್ಮಲ್ಲಿ ಪ್ರಶ್ನಾತೀತ ಸೂತ್ರ. ಹಾಗಿದ್ದ ಮೇಲೆ ಹಿಮಾಲಯವೆಂದರೆ ಮಂಡ್ಯದ ಬಡಗಣ ಹೋಬಳಿ. ಸ್ವಂತ ಹೋಬಳಿಗೆ ಹೋಗಿಬರಲು ತಯಾರಿ ಯಾಕೆ? ಈ ತರ್ಕದ ಬಲದಿಂದಲೇ ಕಬ್ಬಿನ ಗದ್ದೆಯ ಹುಡುಗ ಉತ್ತರಾಖಂಡದ ಕೇದಾರಕಂಠ ಚಾರಣಕ್ಕೆ ಹೆಸರು ಕೊಡುತ್ತಾನೆ. ಮಂಡ್ಯ ಇರುವುದು ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಮೇಲೆ. ಮದ್ದೂರು ಕೊಂಚ ತಗ್ಗು, ಮಳವಳ್ಳಿ ಇನ್ನೂ ತಗ್ಗು. ಕೇದಾರಕಂಠದ ನೆತ್ತಿ ಸುಮಾರು 3,800 ಮೀಟರ್. ನಡುವಿನ ಮೂರು ಸಾವಿರ ಚಿಲ್ಲರೆ ಮೀಟರನ್ನು ಪೂರ್ವಪಕ್ಷದವರು ‘ಅದೇನ್ ಮಹಾ, ಬುಡ್ಲಾ ಅತ್ಲಾಗೆ’ ಎಂಬ ಏಕವಾಕ್ಯದಲ್ಲಿ ಖಂಡಿಸಿ ಮುಗಿಸುತ್ತಾರೆ.

ಅಭ್ಯಾಸಕ್ಕೆಂದು ಕುಂತಿಬೆಟ್ಟ ಹತ್ತುವುದುಂಟು. ಮೇಲುಕೋಟೆಯಲ್ಲಿ ಯೋಗಾನರಸಿಂಹನ ಮೆಟ್ಟಿಲು ಹತ್ತಿ, ಇಳಿದು ಪುಳಿಯೋಗರೆ ತಿನ್ನುವುದೂ ಉಂಟು. ಎರಡೂ ಕಾಲಿಗೆ ಒಳ್ಳೆಯವು. ಆದರೆ ಉಸಿರಿಗೆ ಇವುಗಳಿಂದ ಪಾಠವಿಲ್ಲ, ಮೇಲೆ ಹೋದರೂ ಬೀಸುವುದು ಅದೇ ಗದ್ದೆ ಬಯಲಿನ ಗಾಳಿ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ, ಕೇದಾರಕಂಠದ ಬುಡದ ಸಾಂಕ್ರಿ ಎಂಬ ಹಳ್ಳಿ ಬೆಳಗಿನ ಟೀ ಕುಡಿಯುತ್ತಾ ಕೂತಿರುತ್ತದೆ. ನಮ್ಮ ಬೆಟ್ಟ ಮುಗಿಯುವ ಕಡೆ ಅವರ ಜೀಪ್‌ ಸ್ಟ್ಯಾಂಡ್ ಶುರು.

ತಾಲ್ಲೂಕುವಾರು ಲಕ್ಷಣಗಳನ್ನು ಗುರುತಿಸದೆ ಯಾವ ಪ್ರಬಂಧವೂ ಪೂರ್ಣವಲ್ಲ. ಮಂಡ್ಯದವನು ಚರ್ಚಾಪ್ರಧಾನ. ಅರ್ಧ ದಾರಿಯಲ್ಲಿ ನಿಂತು, ಉಸಿರು ಸಾಲದೆಯೂ, ಕಾವೇರಿ ನೀರಿನ ಬಗ್ಗೆ ಮಾತೆತ್ತಬಲ್ಲ. ಮಳವಳ್ಳಿಯವನು ಮುತ್ತತ್ತಿ ಕಾಡು ಕಂಡವನಾದ್ದರಿಂದ ಮಾತು ಕಮ್ಮಿ, ಹೆಜ್ಜೆ ನಿಧಾನ, ಕೊನೆಗೆ ಎಲ್ಲರಿಗಿಂತ ಮೊದಲು ಟೆಂಟ್ ಸೇರುವವನೂ ಅವನೇ. ಮದ್ದೂರಿನವನು ದ್ರವ್ಯಪ್ರಧಾನ: ಬ್ಯಾಗಿನಲ್ಲಿ ಉಣ್ಣೆ ಟೋಪಿಗಿಂತ ವಡೆಯ ತೂಕ ಜಾಸ್ತಿ. ಇದನ್ನು ಕಂಡು ನಗೆಯಾಡುವಂತಿಲ್ಲ. ಈರುಳ್ಳಿ, ರವೆ, ಅಕ್ಕಿಹಿಟ್ಟು, ಮೈದಾ ಕಲಸಿ ಗರಿಯಾಗಿ ಕರಿದ ಆ ಪದಾರ್ಥ ಪ್ರಯಾಣವನ್ನು ತಾಳಿಕೊಳ್ಳುತ್ತದೆ. ಒಮ್ಮೆ ಮೂರನೇ ಶಿಬಿರದಲ್ಲಿ ಅದರ ಸೀಲ್ ಮಾಡಿದ ಕವರು ತಾನಾಗಿ ಉಬ್ಬಿ ಬಿಗಿದುಕೊಂಡಿತ್ತು. ‘ಕೆಟ್ಟೋಯ್ತೇನ್ಲಾ?’ ಎಂದು ಎಲ್ಲರೂ ಸುತ್ತ ನೆರೆದರು. ಕೆಟ್ಟಿರಲಿಲ್ಲ. ಹೊರಗಿನ ಗಾಳಿಯ ಒತ್ತಡ ಇಳಿದಿತ್ತು, ಊರಿನ ಗಾಳಿ ಒಳಗೇ ಉಳಿದು ದೊಡ್ಡದಾಗಿತ್ತು. ತುದಿ ಹರಿದಾಗ ‘ಬುಸ್’ ಎಂದು ಹೊರಬಂದದ್ದು ಮದ್ದೂರಿನ ಈರುಳ್ಳಿ ವಾಸನೆ. ವಾಯುಭಾರಮಾಪಕವಾಗಿ ವಡೆ ಕವರಿನ ಉಪಯುಕ್ತತೆ ಇದರಿಂದ ಸಿದ್ಧವಾಯಿತು.

ಇನ್ನು ಪಾಕಮೀಮಾಂಸೆ. ಸರಿಸುಮಾರು ಪ್ರತಿ 300 ಮೀಟರಿಗೆ ನೀರು ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. ಮಂಡ್ಯದಲ್ಲಿ 98ರ ಆಸುಪಾಸಿಗೆ ಕುದಿಯುವ ನೀರು 3,800 ಮೀಟರಿನಲ್ಲಿ 87ಕ್ಕೇ ಕುದಿದುಬಿಡುತ್ತದೆ. ಎಷ್ಟು ಸೌದೆ ಒಟ್ಟಿದರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಬಿಸಿಯಾಗುವುದಿಲ್ಲ. ಅಲ್ಲಿ ನಮ್ಮ ಬೇಳೆ ಬೇಯುವುದಿಲ್ಲವೆಂಬುದು ಹೀಗೆ ಭೌತಶಾಸ್ತ್ರದಿಂದಲೇ ಸಿದ್ಧ. ಅಡುಗೆಯವರು ಕುಕ್ಕರ್ ಹೊರುವುದು ಇದಕ್ಕೇ. ಕಾಳುಸಾರಿನ ಮಾತಾಯಿತು. ಮುದ್ದೆಯ ಮಾತೆತ್ತಿದರೆ ಹಿರಿಯ ಚಾರಣಿಗರ ಕಣ್ಣಲ್ಲೂ ನೀರು ಬರುವುದರಿಂದ ಈ ಅಧ್ಯಾಯವನ್ನು ಇಲ್ಲಿಗೇ ಬಿಡಲಾಗಿದೆ.

ಕಾಲಮಾಪನದ ವಿಷಯದಲ್ಲಿ ಗೈಡುಗಳದ್ದು ಪ್ರತ್ಯೇಕ ದರ್ಶನ. ‘ಬಸ್, ಆಧಾ ಘಂಟಾ’ ಎಂದರೆ ಕನಿಷ್ಠ ಎರಡು ಗಂಟೆ. ನಮ್ಮವರಿಗೆ ಇದು ಹೊಸದೇನಲ್ಲ, ಹಳ್ಳಿ ಕಡೆ ‘ಇಲ್ಲೇ, ಒಂದ್ ಬೀಡಿ ಸೇದೋ ದೂರ’ ಎಂದು ನಂಬಿಸಿ ಮೂರು ಮೈಲಿ ನಡೆಸಿದವರ ವಂಶಸ್ಥರಲ್ಲವೇ ನಾವು?

ಸಂಜೆ ಆಕ್ಸಿಮೀಟರ್ ಪರ್ವ. ಬೆರಳಿಗೆ ಕ್ಲಿಪ್ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುತ್ತಾರೆ. ಊರಲ್ಲಿ 98 ಇದ್ದದ್ದು ಅಲ್ಲಿ 88ಕ್ಕೆ ಬಂದಿರುತ್ತದೆ. ಕೂಡಲೇ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದ ವಾತಾವರಣ. ‘ನಿಂದೆಷ್ಟು ಬಂತಣ್ಣ?’, ‘ಎಂಬತ್ತಾರು’, ‘ನಂದು ತೊಂಬತ್ತು ಕಣಣ್ಣೋ!’ ಕಮ್ಮಿ ಬಂದವನು ಬೆರಳು ಉಜ್ಜಿ ಮರುಮೌಲ್ಯಮಾಪನ ಕೇಳುತ್ತಾನೆ. ಶೌಚದ ಟೆಂಟು, ಅದರೊಳಗಿನ ಗುಂಡಿ, ಪಕ್ಕದ ಮಣ್ಣಿನ ರಾಶಿ, ನಡುರಾತ್ರಿಯ ಜಿಪ್ಪು, ಇವೆಲ್ಲ ವಿವರಕ್ಕಿಂತ ಅನುಭವಕ್ಕೆ ಸೇರಿದವು.

ಇಷ್ಟಕ್ಕೆ ನಗೆ ಸಾಕು. 2024ರ ಜೂನ್‌ನಲ್ಲಿ ಉತ್ತರಕಾಶಿ ಕಡೆಯ ಸಹಸ್ರತಾಲ್‌ಗೆ ಕರ್ನಾಟಕದಿಂದ ಹೋದ ಚಾರಣ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ಅವರಲ್ಲಿ ಅನುಭವಸ್ಥರೂ ಇದ್ದರು. ಬೆಟ್ಟ ಯಾವ ಜಿಲ್ಲೆಯವನೆಂದು ಕೇಳುವುದಿಲ್ಲ.

ಆದ್ದರಿಂದ ಸಿದ್ಧಾಂತ ಇಷ್ಟೇ. ಎತ್ತರದ ಕಾಯಿಲೆ ತೋಳ್ಬಲ ನೋಡಿ ಬರುವಂಥದ್ದಲ್ಲ, ಜಿಮ್ಮಿನ ಪೈಲ್ವಾನನನ್ನೂ ಮಲಗಿಸುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು ಇವು ಮೊದಲ ಸೂಚನೆ. ಜಾಸ್ತಿಯಾದರೆ ಮದ್ದು ಒಂದೇ, ಕೆಳಗಿಳಿಯುವುದು. ಆದರೆ ನಮ್ಮವರು ತಲೆನೋವನ್ನು ಗೈಡಿಗೆ ಹೇಳುವುದು ಮಾನಕ್ಕೆ ಕುಂದೆಂದು ಬಗೆದು ಮಫ್ಲರ್ ಬಿಗಿದುಕೊಂಡು ಮಲಗಿಬಿಡುತ್ತಾರೆ. ಹಾಗೆ ಮಾಡಬೇಡ್ರಪ್ಪ. ತಲೆ ನೋಯುತ್ತಿದ್ದರೆ ಆ ರಾತ್ರಿಯೇ ಗೈಡನ್ನು ಎಬ್ಬಿಸಿ ಹೇಳಿ. ಹಿಂದಿ ಬಾರದಿದ್ದರೆ ತಲೆ ಹಿಡಿದು ತೋರಿಸಿ, ಅವರಿಗೆ ಗೊತ್ತಾಗುತ್ತದೆ.