ಟವಲ್ಲಿನ ಕೆಳಗಿನ ಬ್ರ್ಯಾಂಡ್ ಸ್ಟ್ರಾಟಜಿ

ಬ್ರ್ಯಾಂಡ್ ಸ್ಟ್ರಾಟಜಿ ಎಂಬ ವಿದ್ಯೆ ಕಲಿತ ಹುಡುಗರು ಈಗ ಬೆಂಗಳೂರು ಬಿಟ್ಟು, ಮೈಸೂರನ್ನೂ ದಾಟಿ, ಹುಣಸೂರಿನವರೆಗೂ ಬರತೊಡಗಿದ್ದಾರೆ. ಬರಲಿ, ಸಂತೋಷ. ಕೆ.ಆರ್. ನಗರದ ಅಕ್ಕಿ ಗಿರಣಿ, ಪಿರಿಯಾಪಟ್ಟಣದ ಶುಂಠಿ ಮಂಡಿ, ಎಚ್.ಡಿ. ಕೋಟೆಯ ಹೋಂಸ್ಟೇ, ಯಾರಿಗೆ ಬೇಡ ಬ್ರ್ಯಾಂಡು? ಹುಡುಗ ಬರುತ್ತಾನೆ, ಲ್ಯಾಪ್‌ಟಾಪ್ ಬಿಚ್ಚುತ್ತಾನೆ, "ಸರ್, ಮೊದಲು ನೀವು ಮಾತಾಡ್ಬೇಕು, ನಾನು ಬರೀ ಕೇಳಿಸ್ಕೋತೀನಿ" ಅನ್ನುತ್ತಾನೆ. ಆಮೇಲೆ ಮುಕ್ಕಾಲು ಗಂಟೆ ಅವನೇ ಮಾತಾಡುತ್ತಾನೆ. ಗಿರಣಿ ಯಜಮಾನರು ಹೂಂಗುಟ್ಟುತ್ತಾರೆ. ಅಜ್ಜಿ ಕಥೆಗೆ ಹೂಂಗುಟ್ಟಿ ಬೆಳೆದ ಜೀವ, ಅಭ್ಯಾಸ ಹೋಗುತ್ತದೆಯೇ?

ಪಾಪ, ಹುಡುಗನನ್ನೇ ಬೈದು ಉಪಯೋಗವಿಲ್ಲ. ಈ ನಾಲ್ಕು ತಾಲ್ಲೂಕಿನವರ ಬಾಯಿಂದ ಮೊದಲ ಪ್ರಶ್ನೆಗೇ ಉತ್ತರ ಹೊರಡಿಸುವ ಗಂಡು ಇನ್ನೂ ಹುಟ್ಟಿಲ್ಲ. "ವ್ಯಾಪಾರ ಹೆಂಗಿದೆ ಯಜಮಾನ್ರೇ?" ಎಂದರೆ, "ಏನ್ ವ್ಯಾಪಾರ, ಬುಡಿ ಅತ್ಲಾಗೆ." ವ್ಯಾಪಾರ ಚೆನ್ನಾಗಿದೆ, ನಿನಗ್ಯಾಕೆ ಹೇಳಲಿ ಅಂತಲೂ ಇರಬಹುದು. ಚೆನ್ನಾಗಿಲ್ಲ, ನಿನಗ್ಯಾಕೆ ಹೇಳಲಿ ಅಂತಲೂ ಇರಬಹುದು. ಸಾಲ ಕೇಳೋಕೆ ಬಂದ್ಯಾ ಎಂಬ ಅನುಮಾನವೂ ಇರಬಹುದು. ಹುಡುಗ ಮಾತ್ರ ಪುಸ್ತಕದಲ್ಲಿ "ಕ್ಲೈಂಟ್‌ಗೆ ವಿಷನ್ ಇಲ್ಲ" ಎಂದು ಗೀಚಿಕೊಳ್ಳುತ್ತಾನೆ.

ಇಂಥವರನ್ನು ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆ ದನಗಳ ಜಾತ್ರೆಗೆ ಕಳಿಸಬೇಕು. ಅಲ್ಲಿ ಎತ್ತಿನ ವ್ಯಾಪಾರ ನಡೆಯುವುದನ್ನು ನೋಡಿದ್ದೀರಾ? ಕೊಳ್ಳುವವನೂ ಮಾರುವವನೂ ಕೈ ಕೈ ಹಿಡಿದು ಮೇಲೊಂದು ಟವಲ್ ಹಾಕಿಕೊಂಡು ನಿಂತಿರುತ್ತಾರೆ. ಮೇಲೆ ಬಾಯಿ ಮಳೆಯ ಮಾತು, ಮದುವೆಯ ಮಾತು, "ಈ ಜೋಡಿ ಮನೆ ಮಕ್ಕಳಿದ್ದಂಗೆ, ಕೊಡಕ್ಕೇ ಮನ್ಸಿಲ್ಲ" ಎಂಬ ಮಾತು ಆಡುತ್ತಿರುತ್ತದೆ. ಕೆಳಗೆ ಬೆರಳು ಸಾವಿರದ ಲೆಕ್ಕ ಒತ್ತುತ್ತಿರುತ್ತದೆ. ಸುತ್ತ ನಿಂತವರಿಗೆ ಮಕ್ಕಳ ಕಥೆ ಕೇಳುತ್ತದೆ, ಬೆಲೆ ಕೇಳುವುದಿಲ್ಲ. ನಮ್ಮ ಸೀಮೆಯ ಕ್ಲೈಂಟು ಈ ಜಾತ್ರೆಯಲ್ಲಿ ಪಳಗಿದವನು. ಅವನ ಮಾತನ್ನಷ್ಟೇ ಬರೆದುಕೊಂಡು ಹೋದರೆ ಬರುವುದು ಮಳೆಯ ವರದಿ.

ಉದಾಹರಣೆಗೆ ಜಗತ್ಪ್ರಸಿದ್ಧ ವಾಕ್ಯ: "ಲೋಗೋ ಒಸಿ ದೊಡ್ಡದು ಮಾಡಿ." ಇದನ್ನು ಕೇಳಿದ ತಕ್ಷಣ ಡಿಸೈನರ್ ಕಣ್ಣು ಮೇಲಕ್ಕೆ ಹೋಗುತ್ತದೆ, ರಾತ್ರಿ ಗೆಳೆಯರ ಮುಂದೆ ಹೇಳಿ ನಗುವುದಕ್ಕೆ ಸರಕಾಯಿತು. ಯಾಕೆ ಯಜಮಾನ್ರೇ ಎಂದು ಒಂದು ಸಲ ಕೇಳಿದ್ದರೆ ಗಿರಣಿಯವರು ಅವನನ್ನು ಗೋಡೌನಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಚೀಲಗಳನ್ನು ಮಲಗಿಸಿ ಅಟ್ಟಿ ಹಾಕಿರುತ್ತಾರೆ. ಹುಡುಗ ತಿಂಗಳುಗಟ್ಟಲೆ ತಿದ್ದಿದ ಮುಖಚಿತ್ರ ಮೇಲಿನ ಚೀಲದ ಭಾರದಡಿ ಮಲಗಿದೆ. ಕಾಣುವುದು ಅಂಚು, ಹೊಲಿಗೆಯ ದಾರದ ಬಣ್ಣ. ಅಂಗಡಿಗೆ ಬಂದ ಹೆಂಗಸು ಕಂಪನಿ ಹೆಸರು ಹೇಳುವುದಿಲ್ಲ, "ಆ ಕೆಂಪ್ ಪಟ್ಟೆ ಚೀಲದ್ದು ಕೊಡಪ್ಪಾ" ಅನ್ನುತ್ತಾಳೆ. ಯಜಮಾನರು ಕೇಳಿದ್ದು ಅಂಚಿನಲ್ಲಿ ಕಾಣುವ ಗುರುತು. ಅದಕ್ಕೆ ಅವರಿಗೆ ಗೊತ್ತಿದ್ದ ಇಂಗ್ಲಿಷ್ ಲೋಗೋ.

ಕೇಳುವುದೇ ಬೇರೆ, ಕೇಳಬೇಕಾದ್ದನ್ನು ಕೇಳುವುದೇ ಬೇರೆ. ಅಮೆರಿಕದ ಕೋಕಾ-ಕೋಲಾ ಕಂಪನಿಯವರು 1985ರಲ್ಲಿ ರುಚಿ ಬದಲಿಸುವ ಮುಂಚೆ ಸುಮಾರು 2 ಲಕ್ಷ ಜನರಿಗೆ ಕುಡಿಸಿ ಕೇಳಿದ್ದರು. ಹೊಸದೇ ಚೆನ್ನಾಗಿದೆ ಎಂದವರೇ ಹೆಚ್ಚು. ಏಪ್ರಿಲ್‌ನಲ್ಲಿ ಹೊಸದು ಬಂತು, ಬೈಗುಳದ ಮಳೆ ಸುರಿಯಿತು, ಜುಲೈಯಲ್ಲಿ ಹಳೆಯದು ವಾಪಸ್ಸು. ನಾಲಿಗೆಯನ್ನು ಕೇಳಿದ್ದರು, ಹಳೆಯದನ್ನು ಕಿತ್ತುಕೊಂಡರೆ ಏನನ್ನಿಸುತ್ತದೆ ಎಂದು ಕೇಳಿರಲಿಲ್ಲ. ಅಷ್ಟು ದೂರ ಯಾಕೆ, 1916ರ ಗಂಧದೆಣ್ಣೆ ಕಾರ್ಖಾನೆಯಿಂದ ಬೆಳೆದು ಬಂದ ನಮ್ಮ ಮೈಸೂರು ಸ್ಯಾಂಡಲ್ ಸೋಪನ್ನೇ ನೋಡಿ. 2025ರಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ ಕನ್ನಡದವರು ಇರಲಿಲ್ಲವೇ ಎಂದು ನಾಡೆಲ್ಲ ಗದ್ದಲ. ಹೊರರಾಜ್ಯದ ಮಾರುಕಟ್ಟೆ ಬೇಕು ಎಂಬುದು ಸರ್ಕಾರದ ಸಮಜಾಯಿಷಿ, ಅದರಲ್ಲೂ ಹುರುಳಿತ್ತು. ಆದರೆ ನೂರು ವರ್ಷ ಮೈಗೆ ಉಜ್ಜಿಕೊಂಡವರಿಗೂ ಒಂದು ಮಾತು ಇರುತ್ತದಲ್ಲ, ಅದನ್ನು ಯಾವ ಸ್ಲೈಡಿನಲ್ಲಿ ಹಾಕಿದ್ದರೋ.

ಇನ್ನು ನಮ್ಮ ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಮದುವೆ ಮುಹೂರ್ತ ನಿಶ್ಚಯಿಸುವುದೂ, ಮನೆಗೆ ತಾರಸಿ ಹಾಕಿಸುವುದೂ ಇದರ ದುಡ್ಡು. ಬ್ಯಾರನ್‌ನಲ್ಲಿ ನಿದ್ದೆಗೆಟ್ಟು ಬೇಯಿಸಿ, ಹದ ನೋಡಿ, ಗ್ರೇಡ್ ಮಾಡಿ, ಬೇಲ್ ಕಟ್ಟಿ ಕಟ್ಟೆಮಳಲವಾಡಿಗೋ ಚಿಲ್ಕುಂದಕ್ಕೋ ಕಂಪಲಾಪುರಕ್ಕೋ ತಂಬಾಕು ಮಂಡಳಿಯ ಹರಾಜಿಗೆ ಒಯ್ಯಬೇಕು. ಇಷ್ಟು ದೊಡ್ಡ ಬೆಳೆಗೆ ರೈತನ ಹೆಸರಿಲ್ಲ, ಊರಿನ ಹೆಸರಿಲ್ಲ, ಕಥೆಯಿಲ್ಲ. ಬೇಲ್ ಮೇಲೊಂದು ಚೀಟಿ, ಅಷ್ಟೆ. 2003ರ ತಂಬಾಕು ಕಾಯ್ದೆ ಬಂದ ಮೇಲೆ ಸಿಗರೇಟಿನ ಜಾಹೀರಾತೂ ನಿಂತಿತು. 2016ರಿಂದ ಪೊಟ್ಟಣದ ಶೇ. 85 ಜಾಗ ರೋಗದ ಚಿತ್ರಕ್ಕೂ ಎಚ್ಚರಿಕೆಯ ಮಾತಿಗೂ ಮೀಸಲು. ಲೋಗೋ ದೊಡ್ಡದು ಮಾಡಿ ಎನ್ನುವ ಕ್ಲೈಂಟು ಇಲ್ಲಿ ಬಾಯಿ ಬಿಡುವ ಹಾಗೇ ಇಲ್ಲ. ಆದರೂ ಹರಾಜು ಕಟ್ಟೆಯಲ್ಲಿ ನಿಂತ ರೈತನಷ್ಟು ಚೆನ್ನಾಗಿ ಗಿರಾಕಿಯನ್ನು ಓದುವವನನ್ನು ಯಾವ ಮ್ಯಾನೇಜ್‌ಮೆಂಟ್ ಕಾಲೇಜೂ ತಯಾರು ಮಾಡಿಲ್ಲ. ಕೊಳ್ಳುವವನು ಎಲೆ ಹಿಸುಕಿದ್ದು ಹೇಗೆ, ಮೂಸಿದ್ದು ಎಷ್ಟು ಹೊತ್ತು, ಯಾವ ಬೇಲನ್ನು ನೋಡದೆ ದಾಟಿದ, ಎಲ್ಲ ಅವನ ಲೆಕ್ಕದಲ್ಲಿದೆ. ಬೆಲೆ ಗೊತ್ತಾಗುವ ಮೊದಲೇ ಪಕ್ಕದವನಿಗೆ "ಹೋಯ್ತು ಕಣೋ" ಅಂದಿರುತ್ತಾನೆ.

ಹೆಸರಿಡುವ ವಿಷಯಕ್ಕೆ ಬಂದರೆ ನಮ್ಮ ಜನ ಯಾವ ಏಜೆನ್ಸಿಯನ್ನೂ ಕಾಯುವುದಿಲ್ಲ. ಹೆಗ್ಗಡದೇವನಕೋಟೆ ಎಂದು ಉದ್ದಕ್ಕೆ ಹೇಳುವವರು ಮೇಷ್ಟ್ರು ಮಾತ್ರ, ಉಳಿದವರಿಗೆ "ಕೋಟೆ" ಸಾಕು. ಬೈಲುಕುಪ್ಪೆಯ ಬೌದ್ಧ ಮಠಕ್ಕೆ ನಾಮ್‌ಡ್ರೋಲಿಂಗ್ ಎಂದು ಸುಂದರವಾದ ಹೆಸರಿದೆ, ನೋಡಲು ಬಂದವರು ಗೋಲ್ಡನ್ ಟೆಂಪಲ್ ಎಂದರು, ಮುಗಿಯಿತು, ಆಟೋದವರೂ ಅದನ್ನೇ ಕೂಗುತ್ತಾರೆ. ಇರುವುದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಫೋಟೋ ಕೆಳಗೆ ಬರೆಯುವುದು ಕೂರ್ಗ್! ಪಿರಿಯಾಪಟ್ಟಣದವರು ಈ ಅನ್ಯಾಯವನ್ನು ಹೇಗೆ ಸಹಿಸಿಕೊಂಡಿದ್ದಾರೋ ಕಾಣೆ. ಕೋಟೆಯವರದ್ದೂ ಅದೇ ಪಾಡು: ಹುಲಿ, ಹಿನ್ನೀರು, ರೆಸಾರ್ಟು ಎಲ್ಲ ತಾಲ್ಲೂಕಿನದೇ, ಬೋರ್ಡಿನ ಮೇಲೆ ಬರೀ ಕಬಿನಿ. ಅದು ಊರಿನ ಹೆಸರು ಎಂದುಕೊಂಡವರೂ ಇದ್ದಾರೆ. ಅಲ್ಲಿನ ಜೇನುಕುರುಬರ ಹಾಡಿಯಲ್ಲಿ ಕೂತು "ನಿಮ್ಮ ಕಾಡಿನ ಬಗ್ಗೆ ಏನು ಹೇಳೋಣ?" ಎಂದು ಕೇಳಿದ ಸ್ಟ್ರಾಟಜಿಯವನು ಎಷ್ಟು ಜನ? ಅವರು ಬಿಲ್ ಕೊಡುವವರಲ್ಲ, ಆದ್ದರಿಂದ ಕ್ಲೈಂಟೂ ಅಲ್ಲ.

ಈ ಸೀಮೆಯಿಂದ ಬಂದ ದೊಡ್ಡ ಸ್ಟ್ರಾಟಜಿಸ್ಟ್ ಯಾರೆಂದರೆ ನನ್ನ ಮತ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರಿಗೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದಾಗ ಮುಖ್ಯಮಂತ್ರಿ ಅವರು. ಇಡೀ ರಾಜ್ಯದ ರೀಬ್ರ್ಯಾಂಡಿಂಗ್! ಆ ಹೆಸರನ್ನು ಅವರು ಹುಟ್ಟಿಸಲಿಲ್ಲ, ಜನ ವರ್ಷಾನುಗಟ್ಟಲೆ ಕೂಗುತ್ತಿದ್ದರು. 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಯಾದಾಗಲೂ ಅಷ್ಟೇ. "ಉಳುವವನೇ ಹೊಲದೊಡೆಯ" ಎಂಬ ಟ್ಯಾಗ್‌ಲೈನ್ ಗೇಣಿದಾರರ ಹೋರಾಟದಲ್ಲಿ ಮೊದಲೇ ಮೊಳಗಿತ್ತು. ಹವನೂರು ಆಯೋಗವನ್ನು ಕೂರಿಸಿ ಹಿಂದುಳಿದವರ ಅಹವಾಲು ಕೇಳಿಸಿದವರೂ ಅವರೇ. ಆ ಹೊಲದೊಡೆಯನದು ಎರಡೇ ಪದದ ಘೋಷಣೆ, ಅರ್ಧ ಶತಮಾನವಾದರೂ ಬಾಯಲ್ಲಿದೆ. ಏಜೆನ್ಸಿಯವರು ಮಾಡಿದ್ದರೆ ಅದರಲ್ಲಿ "ನೆಕ್ಸ್ಟ್ ಜೆನ್" ಎಂಬ ಬಾಲ ಇರುತ್ತಿತ್ತು.

ಆದ್ದರಿಂದ ಹುಣಸೂರು ಬಸ್ಸು ಹತ್ತುವ ಹುಡುಗ ಹುಡುಗಿಯರಲ್ಲಿ ಒಂದು ಬಿನ್ನಹ. ಮೊದಲ ಕಾಫಿ ಮುಗಿಯುವವರೆಗೆ ಲ್ಯಾಪ್‌ಟಾಪ್ ಬಿಚ್ಚಬೇಡಿ. "ಅಂಗಾದ್ರೆ ಬತ್ತೀವಿ" ಎಂದು ಎದ್ದು ನಿಲ್ಲಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ನಿಧಾನ ಮಾಡಿ. ಯಜಮಾನರು ಹಿಂದಿನಿಂದ "ಅದೇನಪ್ಪಾ ಅಂದ್ರೆ..." ಎಂದು ಶುರು ಮಾಡುವುದು ಆಗಲೇ. ಇನ್ನೊಂದು ಮಾತು: ಬಿಲ್ಲನ್ನು ಹೊಗೆಸೊಪ್ಪಿನ ಹರಾಜು ಶುರುವಾದ ಮೇಲೆಯೇ ಕಳಿಸಿ. ಅದಕ್ಕೆ ಮುಂಚೆ ಈ ಕಡೆ ಯಾರ ಕೈಯಲ್ಲೂ ದುಡ್ಡಿರುವುದಿಲ್ಲ.