ಸ್ನಾತಕೋತ್ತರ ಕೇಂದ್ರ ಮಹಾತ್ಮೆ

ನಮ್ಮ ವಿಶ್ವವಿದ್ಯಾಲಯಗಳು ಜಿಲ್ಲೆ ಜಿಲ್ಲೆಗಳಲ್ಲಿ ತೆರೆದ ಸ್ನಾತಕೋತ್ತರ ಕೇಂದ್ರಗಳ ಬಗ್ಗೆ ಯಾರೊಬ್ಬರೂ ಒಂದೊಳ್ಳೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಆ ಕೊರತೆ ಇಂದು ನೀಗಲಿ.

ಮೊದಲು ಜಾಗದ ಆಯ್ಕೆಯನ್ನೇ ನೋಡಿ. ಊರೊಳಗೆ ಕಟ್ಟಿದರೆ ಹುಡುಗರು ಸಿನಿಮಾ, ಹೋಟೆಲು ಅಂತ ಕೆಡುತ್ತಾರೆ. ಅದಕ್ಕೇ ಊರು ಮುಗಿದು, ಸಿಟಿ ಬಸ್ಸೂ ಹಿಂದಿರುಗಿದ ಮೇಲೆ ಸಿಗುವ ಜಾಗವನ್ನು ಹಿರಿಯರು ಹುಡುಕಿ ಇಟ್ಟಿದ್ದಾರೆ. ಹೈವೇಯಲ್ಲಿ ಇಳಿದು ವಿಭಾಗ ಮುಟ್ಟುವಷ್ಟರಲ್ಲಿ ಹಿಂದಿನ ದಿನದ ಪಾಠ ಪೂರ್ತಿ ಮನನವಾಗುತ್ತದೆ. ಬಾಗಲಕೋಟೆಯದು ಇದಕ್ಕಿಂತ ದೂರದೃಷ್ಟಿ: ಬಾಗಲಕೋಟೆ ವಿಶ್ವವಿದ್ಯಾಲಯ ಇರುವುದು ಜಮಖಂಡಿಯಲ್ಲಿ.

ಸುತ್ತಲ ಹಳ್ಳಿಗಳಿಗೆ ಆದ ಉಪಕಾರವೇನು ಕಡಿಮೆಯೆ? ಬರೀ ಸರ್ವೆ ನಂಬರಿದ್ದ ಹೊಲಗಳು ಈಗ 'ಯೂನಿವರ್ಸಿಟಿ ಲೇಔಟ್'. ರಾಗಿ ಬೆಳೆಯುತ್ತಿದ್ದ ಕಡೆ ಕಲ್ಲುಕಂಬ ಬೆಳೆದಿವೆ. ಮಳೆ ಬರಲಿ ಬಿಡಲಿ, ಒಣಗುವುದಿಲ್ಲ. ಜಮೀನು ಬಿಟ್ಟುಕೊಟ್ಟವರ ಮಗ ಅಲ್ಲೇ ಎಂ.ಎ. ಮುಗಿಸಿ, ಅದೇ ಗೇಟಿನಲ್ಲಿ ಹೊರಗುತ್ತಿಗೆ ಸೆಕ್ಯುರಿಟಿಯಾಗಿ ಶಿಳ್ಳೆ ಹಿಡಿದು ನಿಂತರೆ, ವಿಶ್ವವಿದ್ಯಾಲಯಕ್ಕೂ ಸಮುದಾಯಕ್ಕೂ ನಂಟಿದೆ ಎಂದು ಗುಣಮಟ್ಟ ಅಳೆಯಲು ಬರುವ ನ್ಯಾಕ್ ತಂಡಕ್ಕೆ ತೋರಿಸಲು ಇನ್ನೆಂಥ ದಾಖಲೆ ಬೇಕು?

ಆತಿಥ್ಯದ ವಿಷಯದಲ್ಲಂತೂ ಮಾತೇ ಇಲ್ಲ. ಇಡೀ ವಿಭಾಗವನ್ನೇ ಅತಿಥಿ ಉಪನ್ಯಾಸಕರ ಕೈಗೆ ಒಪ್ಪಿಸುವಷ್ಟು ಉದಾರಿಗಳು ನಾವು. ಗೌರವಧನವನ್ನೂ ಅವಸರದಲ್ಲಿ ಕೊಟ್ಟು ಅವಮಾನಿಸುವುದಿಲ್ಲ. ಕಡತ ನಾಲ್ಕು ಟೇಬಲ್ ದಾಟಿ, ಹಣ್ಣಾಗಿ ಬರುತ್ತದೆ.

ಆದರೆ ನಿಜವಾದ ಸಾಧನೆ ವೇಗದ್ದು. ಹಿಂದಿನವರು ಮಂದಗತಿಯವರು. ಕೊಣಾಜೆಯಲ್ಲಿ 1968ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯದ ಕೇಂದ್ರ ಮಂಗಳೂರು ವಿಶ್ವವಿದ್ಯಾಲಯ ಆಗಲು 1980ರವರೆಗೆ ಕಾಯಬೇಕಾಯಿತು. ಅದೇ ವರ್ಷ ಕಲಬುರಗಿಯ ಕೇಂದ್ರವೂ ಧಾರವಾಡದ ವಿಶ್ವವಿದ್ಯಾಲಯದ ಕೈಬಿಟ್ಟು ಸ್ವತಂತ್ರವಾಗಿ ನಿಂತಿತು. ಅಲ್ಲಿಯವರೆಗೆ ಪಾಪ, ವಿಭಾಗ ಕಟ್ಟುವುದು, ಮೇಷ್ಟ್ರುಗಳನ್ನು ನೇಮಿಸುವುದು, ಲೈಬ್ರರಿ ತುಂಬಿಸುವುದು ಮುಂತಾದ ಕೆಲಸಗಳಲ್ಲೇ ಅವರ ಕಾಲ ಕಳೆಯಿತು. 2023ರ ಹೊತ್ತಿಗೆ ನಾವು ಬುದ್ಧಿವಂತರಾದೆವು. ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರ, ಏಳಕ್ಕೂ ಒಟ್ಟಿಗೆ ಪಟ್ಟಾಭಿಷೇಕ. ನಿನ್ನೆ ಹಾಸನದ ಹೇಮಗಂಗೋತ್ರಿ ಕೇಂದ್ರಕ್ಕೆ ಹೋದವನು ಇವತ್ತು ಅದೇ ಕಾರಿಡಾರಿನಲ್ಲಿ, ಅದೇ ಬೆಂಚಿನಲ್ಲಿ, ಸ್ವತಂತ್ರ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಕೊಡಗಿನ ಚಿಕ್ಕಅಳುವಾರದ ಜ್ಞಾನಕಾವೇರಿ ಕೇಂದ್ರದಲ್ಲೂ ಅದೇ ಪವಾಡ. ಕುಲಪತಿ ಬಂದರು, ಲಾಂಛನ ಬಂತು. ಉಳಿದದ್ದು ಆಮೇಲೆ.

ಆಮೇಲೆ ಬಂದದ್ದು 2025ರ ಫೆಬ್ರುವರಿ. ಈ ಏಳೂ ಬೇರೆ ಕೆಲವೂ ಸೇರಿದ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಿ ಮಾತೃಸಂಸ್ಥೆಗಳಿಗೆ ಸೇರಿಸಬಹುದೆಂದು ಸಚಿವ ಸಂಪುಟದ ಉಪಸಮಿತಿ ಒಲವು ತೋರಿತು. ತೆರೆಯುವಾಗ ಒಂದು ಸರ್ಕಾರಕ್ಕೆ ಶ್ರೇಯಸ್ಸು, ಮುಚ್ಚುವ ಮಾತೆತ್ತಿದಾಗ ಇನ್ನೊಂದಕ್ಕೆ ಉಳಿತಾಯ, ನಡುವೆ ವಿರೋಧ ಪಕ್ಷಕ್ಕೆ ಒಂದು ಹೋರಾಟ. ಒಂದೇ ಕಟ್ಟಡದಿಂದ ಇಷ್ಟು ಜನರಿಗೆ ಕೆಲಸ ಕೊಡುವ ಕೈಗಾರಿಕೆ ನಮ್ಮಲ್ಲಿ ಬೇರೆ ಯಾವುದಿದೆ?

ಇದನ್ನೆಲ್ಲ ಸರಿಯಾಗಿ ಅರ್ಥಮಾಡಿಕೊಂಡವರೆಂದರೆ ಕ್ಯಾಂಪಸ್ಸಿನ ಎದುರಿನ ಜೆರಾಕ್ಸ್ ಅಂಗಡಿಯವರು. ಪ್ರಾಜೆಕ್ಟ್ ರಿಪೋರ್ಟಿನ ಮುಖಪುಟ ಕೇಳಿದರೆ ಸ್ಪೈರಲ್ ಬೈಂಡಿಂಗ್ ಮಷಿನ್ನಿಂದ ತಲೆಯೆತ್ತದೆಯೇ ಹೇಳುತ್ತಾರೆ: "ವಿಷಯ, ನಿಮ್ಮ ಹೆಸರು, ಗೈಡ್ ಹೆಸರು ಬರೆದುಕೊಡಿ ಸಾಕು ಸರ್. ಯೂನಿವರ್ಸಿಟಿ ಹೆಸರಿನ ಜಾಗ ಖಾಲಿ ಬಿಟ್ಟಿರ್ತೀನಿ. ಸಬ್‌ಮಿಟ್ ಮಾಡೋ ದಿನ ಯಾವುದಿರುತ್ತೋ ಅದನ್ನ ಹಾಕಿ ಕೊಡ್ತೀನಿ."